ಗುಂಡಿ ನುಂಗಿದ ಸೂಜಿ

ಮೊದಲು ನನ್ನ ಕೈಯ ವಿಷಯ ಹೇಳಿಬಿಡುತ್ತೇನೆ, ಬೆಕ್ಕಿನ ವಿಷಯ ಆಮೇಲೆ. ಈ ಕೈ ಕತ್ತರಿ ಎತ್ತಿಕೊಂಡರೆ ಬಟ್ಟೆ ತಾನಾಗಿ ಎರಡು ಹೋಳಾಗಿ ದಾರಿ ಬಿಡುತ್ತದೆ. ಕಣ್ಣು ಕಟ್ಟಿದರೂ ಸೂಜಿಗೆ ದಾರ ಪೋಣಿಸುತ್ತೇನೆ. ಬೇಕಾದರೆ ಸೂಜಿಯ ಕಣ್ಣನ್ನೂ ಕಟ್ಟಿ ನೋಡಿ. ಗೂನುಬೆನ್ನಿನವರೊಬ್ಬರು ನಾನು ಹೊಲಿದ ಕೋಟು ತೊಟ್ಟು ಹೋಗಿ ಸೈನ್ಯಕ್ಕೆ ಸೇರಿಬಿಟ್ಟರು. ಇಂಥ ಕೈಗೆ ಒಂದೇ ಒಂದು ಕಾಯಿಲೆ. ಎಲ್ಲಾದರೂ ಒಂದೆಳೆ ದಾರ ನೇತಾಡುವುದು ಕಂಡರೆ ಎಳೆಯದೆ ಇರಲಾರದು. ಒಮ್ಮೆ ದೊಡ್ಡವರೊಬ್ಬರು ವೇದಿಕೆಯ ಮೇಲೆ ನನ್ನ ಕೈ ಕುಲುಕಿದರು. ಅವರ ತೋಳಿನ ಅಂಚಿನಲ್ಲಿ ಒಂದೆಳೆ ಇಣುಕುತ್ತಿತ್ತು. ಅವರು ನನ್ನನ್ನು ಹೊಗಳಿ ಮುಗಿಸುವ ಹೊತ್ತಿಗೆ ಇಡೀ ತೋಳು ನನ್ನ ಮುಷ್ಟಿಯಲ್ಲಿತ್ತು. ಪಾಪ, ಮಿಕ್ಕ ಭಾಷಣವನ್ನು ಒಂದೇ ತೋಳಿನಲ್ಲಿ ಮುಗಿಸಿದರು.

ಈ ಕಾಯಿಲೆ ಮನೆಮಂದಿಗೆಲ್ಲ ಅಂಟಿದೆ. ನಮ್ಮ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ನಡುವೆ ಕತ್ತರಿಸುವ ಮೇಜು. ಕಿಟಕಿಯ ಬಳಿ ನನ್ನ ಹೆಂಡತಿಯ ಕಾಲಲ್ಲಿ ತುಳಿಯುವ ಮೆಷಿನ್ನು. ಅವಳ ಕಾಲು ಎಚ್ಚರವಿರುವಷ್ಟು ಹೊತ್ತೂ ತುಳಿಯುತ್ತಲೇ ಇರುತ್ತದೆ. ಊಟಕ್ಕೆ ಕೂತರೂ ತುಳಿಯುತ್ತದೆ, ಜಗಳಕ್ಕೆ ನಿಂತರೂ ತುಳಿಯುತ್ತದೆ. ನಿದ್ದೆಯಲ್ಲಿ ಅವಳು ತುಳಿದ ಒಂದು ತುಳಿತಕ್ಕೆ ನಾನು ಮಂಚದಿಂದ ಹೊರಟು ಬೀದಿಬಾಗಿಲ ತನಕ ಉರುಳಿದ್ದೇನೆ. ಗೋಡೆಯ ಪಕ್ಕದ ಬೆತ್ತದ ಕುರ್ಚಿ ಅವಳ ತಾಯಿಯದು, ಅಂದರೆ ನನ್ನ ಅತ್ತೆಯದು. ಗುಂಡಿ ಹೊಲಿಯುವುದು, ಕಾಜಾ ಮಾಡುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವರ ಪಾಲಿನ ಕೆಲಸ.

ಅತ್ತೆಗೂ ನನಗೂ ಮಾತಿರಲಿಲ್ಲ. ಒಂದು ದಿನ ಗಿರಾಕಿಯ ಎದುರಿಗೇ ಅವರು, ಈ ಕಾಲರಿನ ಒಂದು ರೆಕ್ಕೆ ಇನ್ನೊಂದಕ್ಕಿಂತ ಉದ್ದ ಎಂದರು. ನಾನು, ನಿಮ್ಮ ಕನ್ನಡಕದ ಒಂದು ಗಾಜು ಇನ್ನೊಂದಕ್ಕಿಂತ ದಪ್ಪ ಎಂದೆ. ಅಷ್ಟೇ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಬೆಕ್ಕಿನ ಮೂಲಕ.

ಬೆಕ್ಕಿನ ಹೆಸರು ಗುಂಡಿ. ಬಂದಾಗ ಕೋಟಿನ ಗುಂಡಿಯಷ್ಟೇ ಇತ್ತು, ಅದಕ್ಕೇ ಆ ಹೆಸರು. ಈಗ ಬೆಳೆದು ಕರುವಿನಷ್ಟಾಗಿದೆ.

"ಗುಂಡೀ, ನಿಮ್ಮಪ್ಪಂಗೆ ಹೇಳು, ಈ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಮುಂಚೆ ಮನೆ ಸೇರತ್ತೆ ಅಂತ."

"ಗುಂಡೀ, ನಿಮ್ಮಜ್ಜಿಗೆ ಹೇಳು, ಕನ್ನಡಕ ಒರೆಸ್ಕೊಳೋ ಬಟ್ಟೆ ಚೂರಿನ ಬುಟ್ಟೀಲಿದೆ ಅಂತ."

ಗುಂಡಿ ಮೇಜಿನ ಮೇಲೆ ಕೂತು ಒಮ್ಮೆ ಅವರತ್ತ, ಒಮ್ಮೆ ನನ್ನತ್ತ ಕತ್ತು ತಿರುಗಿಸುತ್ತಿತ್ತು. ಯಾವ ವಕೀಲನಿಗೂ ಅಷ್ಟು ತಾಳ್ಮೆಯಿಲ್ಲ. ಅದೊಂದು ಇಲ್ಲದೆ ಹೋದರೆ ಆ ಮನೆಯಲ್ಲಿ ಸಾರಿಗೆ ಉಪ್ಪು ಸಾಲದು ಎಂದು ಹೇಳುವುದಕ್ಕೂ ದಾರಿಯಿರಲಿಲ್ಲ. ಅತ್ತೆಗಂತೂ ಅದು ಪ್ರಾಣ. ರಾತ್ರಿ ಅದು ಕಾಲ ಬಳಿ ಬಂದು ಮಲಗುವ ತನಕ ಅವರು ದೀಪ ಆರಿಸುತ್ತಿರಲಿಲ್ಲ.

ಆ ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಪ್ಯಾಂಟಿನ ಅಳತೆ ನೋಡಿಸಲು ಬಂದಿದ್ದರು. ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಎರಡೂ ಕಾಲಿನ ಅಂಚನ್ನು ಮಡಿಸಿ, ಹಿಂಬದಿಯ ಸಡಿಲವನ್ನೂ ಹಿಡಿದು, ಸುತ್ತಲೂ ಗುಂಡುಸೂಜಿ ಚುಚ್ಚಿದೆ. ಗುರುತು ಹಾಕಲು ಸುಣ್ಣದ ಬಿಲ್ಲೆ ಸಿಗಲಿಲ್ಲ.

"ಗುಂಡೀ, ನಿಮ್ಮಜ್ಜಿಗೆ ಹೇಳು, ಬಿಲ್ಲೆ ಎಲ್ಲೋ ಬಚ್ಚಿಟ್ಟಿದಾರೆ ಅಂತ."

ಅತ್ತೆ ಗೊಣಗುತ್ತ ಎದ್ದು ಒಳಗೆ ಹೋದರು. ಬಿಲ್ಲೆ ತಂದು ಮೇಜಿನ ಮೇಲೆ ಕುಕ್ಕಿದರು. ತಿರುಗಿ ಕುರ್ಚಿಯಲ್ಲಿ ಕೂತವರು ಮಡಿಲ ಬಟ್ಟೆ ತಡಕಿದರು, ಕುರ್ಚಿಯ ತೋಳು ತಡಕಿದರು, ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ತಿರುಗಿಸಿ ತಿರುಗಿಸಿ ನೋಡಿದರು.

ಅದೇ ಹೊತ್ತಿಗೆ ಗುಂಡಿ ಮೇಜಿನ ಕೆಳಗಿಂದ ಹೊರಗೆ ಬಂತು. ತಲೆ ಕೊಡವುತ್ತಿತ್ತು. ಮುಂಗಾಲಿನಿಂದ ಬಾಯನ್ನು ಪರಪರ ಕೆರೆಯುತ್ತಿತ್ತು. ತುಟಿಯ ಅಂಚಿನಿಂದ ಕೆಂಪು ದಾರವೊಂದು ಗೇಣುದ್ದ ಇಳಿಬಿದ್ದಿತ್ತು.

ನೇತಾಡುವ ದಾರ! ನನ್ನ ಕೈ ನನ್ನನ್ನು ಕೇಳದೆಯೇ ಹೊರಟಿತು. ಆದರೆ ಅತ್ತೆಯ ಮುಖ ಕಂಡು ನಡುವೆಯೇ ನಿಂತಿತು. ಆ ಮುಖ ಇಸ್ತ್ರಿ ಮಾಡಿದ ಅಸ್ತರಿನ ಹಾಗೆ ಬೆಳ್ಳಗಾಗಿತ್ತು.

"ನನ್ನ ಸೂಜಿ," ಎಂದರು ಯಾರಿಗೂ ಅಲ್ಲದ ದನಿಯಲ್ಲಿ. "ದಾರ ಪೋಣಿಸಿ ಕುರ್ಚಿ ತೋಳಿನ ಮೇಲಿಟ್ಟು ಎದ್ದೆ. ದಿಂಬಿಗೆ ಚುಚ್ಚಲಿಲ್ಲ."

ಗುಂಡಿ ಗುಟುಕ್ಕೆಂದು ನುಂಗಿತು. ದಾರ ಒಂದಿಷ್ಟು ಒಳಗೆ ಹೋಯಿತು.

"ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡೇ!" ಎಂದು ಕಿರುಚಿದೆ. ನನ್ನ ದನಿಗೆ ಮೂರು ಬೀದಿಯಾಚೆ ಇಬ್ಬರು ಫೋನ್ ಎತ್ತಿಕೊಂಡಿರಬೇಕು. ಹೆಂಡತಿ ಕೂತಲ್ಲಿಂದಲೇ ಫೋನ್ ಕಿವಿಗೆ ಒತ್ತಿಕೊಂಡಳು. ಗಾಬರಿಯಾದರೆ ಅವಳ ಕಾಲು ಇನ್ನೂ ಜೋರು. ಖಾಲಿ ಮೆಷಿನ್ನು ಟಕಟಕಟಕ ಎಂದು ಓಡುತ್ತಿತ್ತು. "ಹೂಂ... ಬೆಕ್ಕು... ಸೂಜಿ, ದಾರ ಎರಡೂ... ಏನಂದ್ರಿ? ಹಾಂ, ಹಾಂ," ಎಂದವಳೇ ನನ್ನ ಕಡೆ ತಿರುಗಿ ಕೂಗಿದಳು: "ರೀ, ದಾರ ಬಿಡಿಸ್ಬೇಕಂತೆ!"

ದಾರ ಬಿಡಿಸುವುದೇ? ಅದು ನನ್ನ ಹುಟ್ಟುವಿದ್ಯೆ. ಜೇಡರ ಬಲೆಯ ಹೊಲಿಗೆ ಬಿಡಿಸಿ, ಜೇಡನಿಗೆ ತಿಳಿಯದ ಹಾಗೆ ಮತ್ತೆ ಹೊಲಿದು ಕೊಟ್ಟವನು ನಾನು. ಮಂಡಿಯೂರಿ ಕೂತೆ. ಗುಂಡಿಯ ಕತ್ತನ್ನು ಎಡಗೈಯಲ್ಲಿ ಹಿಡಿದೆ. ಬಲಗೈಯ ಎರಡು ಬೆರಳಲ್ಲಿ ದಾರದ ತುದಿ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಬಿಗಿ ನೋಡಿದೆ.

ದಾರ ಬರಲಿಲ್ಲ. ಒಳಗೆಲ್ಲೋ ಹಿಡಿದುಕೊಂಡಿತ್ತು. ಗುಂಡಿಯ ಬಾಯಿಂದ ಒಂದು ಸದ್ದು ಬಂತು. ಆ ಸದ್ದನ್ನು ಮಾತ್ರ ನಾನು ಹಿಗ್ಗಿಸಿ ಹೇಳಲಾರೆ, ಅದು ಬಹಳ ಸಣ್ಣದಾಗಿತ್ತು.

ಪಟ್! ಮರದ ಅಳತೆಪಟ್ಟಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಕೈ ಬಿಡಿ!"

ಅತ್ತೆ. ನನಗೇ. ನೇರವಾಗಿ. ನಾನು ಬೆಕ್ಕಿನ ಮುಖ ನೋಡಿದೆ, ಅಭ್ಯಾಸಬಲ.

"ನಿಮಗೇ ಹೇಳ್ತಿರೋದು, ಅಳಿಯಂದ್ರೇ! ನೆರಿಗೆ ಹಿಡಿಯೋವಾಗ ಏನ್ ಮಾಡ್ತೀರಿ? ಒಂದ್ ಕಡೆ ಭದ್ರ ಮಾಡಿ ದಾರ ಎಳೀತೀರಿ. ಬಟ್ಟೆ ಮುದುರ್ಕೊಂಡ್ ಬರತ್ತಾ ಇಲ್ವಾ? ಒಳಗೆ ಸೂಜಿ ಸಿಕ್ಕಾಕೊಂಡಿದ್ರೆ ಅದರ ಕರುಳು ಹಾಗೇ ನೆರಿಗೆ ಆಗಲ್ವಾ?"

ನಾನು ಕೈ ಬಿಟ್ಟೆ.

"ಅಮ್ಮಾ, ಅವರೇ ಬಿಡಿಸಿ ಅಂದ್ರು," ಎಂದು ಹೆಂಡತಿ ಅಳುಮೋರೆ ಮಾಡಿದಳು.

"ಮೊದ್ಲು ಆ ಕಾಲು ನಿಲ್ಸೇ ನೀನು! ಇನ್ನೊಂದ್ಸಲ ಕೇಳು."

ಹೆಂಡತಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟು ಮತ್ತೆ ಕೇಳಿದಳು. ಈ ಸಲ ಆಸ್ಪತ್ರೆಯ ನರ್ಸಿನ ದನಿ ಕೋಣೆಗೆಲ್ಲ ಕೇಳಿಸಿತು. "ಅಯ್ಯೋ ರಾಮ! ನಾನು ಬಿಡಿ ಅಂದೆ ಕಣ್ರೀ, ಬಿಡಿಸಿ ಅನ್ಲಿಲ್ಲ! ದಾರ ಹಾಗೇ ಬಿಡಿ. ಎಳೀಬೇಡಿ, ಕತ್ತರಿಸ್ಬೇಡಿ. ಹಾಲು ನೀರು ಏನೂ ಕೊಡ್ಬೇಡಿ, ವಾಂತಿ ಮಾಡ್ಸೋಕೆ ಹೋಗ್ಬೇಡಿ. ದಾರಕ್ಕೆ ಕಾಲು ಸಿಗದ ಹಾಗೆ ಟವೆಲಲ್ಲಿ ಸುತ್ತಿ, ಮೂಗು ಬಾಯಿ ಮುಚ್ಚ್‌ಬೇಡಿ. ಈಗ್ಲೇ ಕರ್ಕೊಂಡ್ ಬನ್ನಿ. ಯಾರಾದ್ರೂ ಎಳೆದ್ರಾ?"

ನಾನು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಸುತ್ತುವ ಕೆಲಸ ಅತ್ತೆಯದಾಯಿತು. ದಪ್ಪ ಟವೆಲನ್ನು ಮೇಜಿನ ಮೇಲೆ ಹಾಸಿ, ಗುಂಡಿಯನ್ನು ನಡುವೆ ಇಟ್ಟು, ಮುಂಗಾಲು ಒಳಗೆ ಮಡಿಸಿ, ಎಡ ಅಂಚು ಬಲಕ್ಕೆ, ಬಲ ಅಂಚು ಎಡಕ್ಕೆ ತಂದರು. ಅಷ್ಟರಲ್ಲಿ ಗುಂಡಿ ನನ್ನ ಎರಡೂ ಕೈಗಳ ಮೇಲೆ ಉಗುರಿನಿಂದ ಇಡೀ ಊರಿನ ನಕ್ಷೆ ಬರೆದಿತ್ತು, ಚರಂಡಿಗಳ ಸಮೇತ. "ಕತ್ತಿನ ಹತ್ರ ಎರಡ್ ಬೆರಳು ಸಡಿಲ ಇರ್ಲಿ," ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು. ಕಾಲರಿನ ಅಳತೆಗೆ ನಾವು ಬಿಡುವುದೂ ಅಷ್ಟೇ. ಕೊನೆಗೆ ಬೆಕ್ಕಿನ ತಲೆ ಮಾತ್ರ ಹೊರಗಿತ್ತು, ಬಾಯಿಂದ ಆ ಕೆಂಪು ದಾರ. ಹೊರಡುವ ಮುಂಚೆ ಅತ್ತೆ ಅದೇ ದಾರದ ರೀಲನ್ನೂ ಅದೇ ಅಳತೆಯ ಇನ್ನೊಂದು ಸೂಜಿಯನ್ನೂ ಪುಟ್ಟ ಡಬ್ಬಿಗೆ ಹಾಕಿಕೊಂಡರು.

"ನಂದು ಗಾಡಿ ಇದೆ, ಬನ್ನಿ," ಎಂದರು ಮೇಷ್ಟ್ರು ಸ್ಟೂಲಿನಿಂದ ಇಳಿಯುತ್ತ. ಇಳಿದವರೇ "ಹಾ!" ಎಂದರು. ಪ್ಯಾಂಟಿನ ಗುಂಡುಸೂಜಿಗಳು ಹಾಗೇ ಇದ್ದವು.

ಅದು ಕಲಿಯುವವರ ಕಾರು. ಕಲಿಯುವವನ ಮುಂದೆ ಸ್ಟಿಯರಿಂಗ್, ಪಕ್ಕದ ಸೀಟಿನಲ್ಲಿ ಮೇಷ್ಟ್ರಿಗೊಂದು ಬೇರೆ ಬ್ರೇಕು. ಹೆಂಡತಿ ಆ ಪಕ್ಕದ ಸೀಟಿನಲ್ಲಿ ಕೂತಳು. ನಾನು ಗುಂಡಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತೆ, ನನ್ನ ಪಕ್ಕ ಅತ್ತೆ.

"ಗಾಡಿ ಬಿಡಿ ಮೇಷ್ಟ್ರೇ!"

"ಬಿಡ್ತೀನಿ ಟೈಲರ್ರೇ. ಆದ್ರೆ ನಾನು ಈ ಕಡೆ ಕೂತು ಯಾವ ಕಾಲ ಆಯ್ತೋ. ಬರೀ ಆ ಕಡೆ ಕೂತು ಬೈದೇ ಅಭ್ಯಾಸ." ಕನ್ನಡಿ ಸರಿಮಾಡಿಕೊಂಡರು. ಬೆಲ್ಟು ಹಾಕಿಕೊಂಡರು. ನಮಗೂ ಹಾಕಿಸಿದರು. ಹಿಂದೆ ನೋಡಿದರು, ಪಕ್ಕ ನೋಡಿದರು, ಸಿಗ್ನಲ್ ಹಾಕಿದರು. ಅವರು ಗೇರು ಹಾಕುವ ಹೊತ್ತಿಗೆ ನನ್ನ ಗಡ್ಡ ಬೆಳೆದು ಎದೆಗೆ ಬಂದಿತ್ತು.

ಕಾರು ಹೊರಟಿತು. ಹೊರಟು, ಗಕ್ಕನೆ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಪ್ರತಿ ಸಲವೂ ನಾವೆಲ್ಲ ಮುಂದಕ್ಕೆ ಬಾಗಿ ಹಿಂದಕ್ಕೆ ಬಿದ್ದೆವು. ದಾರ ಮುಂದಕ್ಕೆ ಹಾರಿ ಗುಂಡಿಯ ಗಲ್ಲಕ್ಕೆ ಬಡಿಯಿತು.

"ಏನಾಯ್ತು?" ಎಂದೆ.

"ಗೊತ್ತಾಗ್ತಿಲ್ಲ, ಎಂಜಿನ್ ಸರಿಯಾಗೇ ಇದೆ!" ಮೇಷ್ಟ್ರ ಹಣೆಯಲ್ಲಿ ಬೆವರು. ಪ್ರತಿ ಕ್ಲಚ್ಚಿಗೂ ಅವರು "ಹಾ!" ಎನ್ನುತ್ತಿದ್ದರು, ಗುಂಡುಸೂಜಿಯ ದಯೆ.

ಅತ್ತೆ ಮುಂದಕ್ಕೆ ಬಗ್ಗಿ ನೋಡಿದರು. "ಮೇಷ್ಟ್ರೇ, ನನ್ನ ಮಗಳು ಮೆಷಿನ್ ತುಳೀತಿದಾಳೆ."

ಹೌದು. ಹೆಂಡತಿಯ ಎರಡೂ ಕಾಲು ಆ ಪಕ್ಕದ ಬ್ರೇಕಿನ ಮೇಲೆ, ಒಂದೇ ಲಯದಲ್ಲಿ.

"ಅಮ್ಮಾ ತಾಯೀ, ಅದು ನನ್ನ ಬ್ರೇಕು! ಕಾಲು ತೆಗೀರಿ!"

"ಅದು ನನ್ನ ಮಾತು ಕೇಳಲ್ಲ ಮೇಷ್ಟ್ರೇ," ಎಂದು ಅವಳು ಅತ್ತೇಬಿಟ್ಟಳು. ಚಪ್ಪಲಿ ಬಿಚ್ಚಿ, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಮಂಡಿ ಕಟ್ಟಿ ಕೂತಳು. ಆಮೇಲೆ ಕಾರು ಓಡಿತು.

ಓಡಿದರೇನು, ಗುಂಡಿ ಜೊಲ್ಲು ಸುರಿಸುತ್ತಿತ್ತು. ಟವೆಲಿನೊಳಗಿಂದ ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. ಮೆಷಿನ್ನಿಗೂ ಆ ವೇಗವಿಲ್ಲ. ಆಗಾಗ ಗುಟುಕ್ಕೆಂದು ನುಂಗುತ್ತಿತ್ತು. ನುಂಗಿದಾಗಲೆಲ್ಲ ದಾರ ಗಿಡ್ಡವಾಗುತ್ತಿತ್ತು. ಗೇಣಿದ್ದದ್ದು ನಾಲ್ಕು ಬೆರಳಾಯಿತು. ಮಾರುಕಟ್ಟೆಯ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು ಸಾಮಾನು ಇಳಿಸುತ್ತಿತ್ತು. ಮೇಷ್ಟ್ರು ಹಾರನ್ ಒತ್ತಿ ಹಿಡಿದರು. ಮೂಟೆ ಹೊತ್ತವನು ನಮ್ಮತ್ತ ನೋಡಿ, ಛಾವಣಿಯ ಮೇಲಿನ ಡ್ರೈವಿಂಗ್ ಸ್ಕೂಲ್ ಬೋರ್ಡು ನೋಡಿ, "ಕಲೀರಿ, ಕಲೀರಿ, ಅವಸರ ಇಲ್ಲ," ಎಂದು ನಕ್ಕ. ದಾರ ಎರಡು ಬೆರಳಾಯಿತು.

ನನ್ನ ಜನ್ಮದಲ್ಲಿ ಅಂಥ ಹಿಂಸೆ ಪಟ್ಟಿಲ್ಲ. ಕಣ್ಣೆದುರಿಗೇ ದಾರ ಒಳಗೆ ಹೋಗುತ್ತಿದೆ. ತುದಿ ಹಿಡಿದರೆ ಸಾಕು, ಎಳೆಯುವುದು ಬೇಡ, ಬರೀ ಹೋಗದ ಹಾಗೆ ಹಿಡಿದರೆ ಸಾಕು ಎನ್ನುತ್ತಿತ್ತು ಕೈ. ಆದರೆ ಅದು ನುಂಗುವಾಗ ನಾನು ಹಿಡಿದರೆ, ಎಳೆದ ಹಾಗೆಯೇ ಅಲ್ಲವೇ? ಈ ಬುದ್ಧಿ ತಲೆಗಿತ್ತು, ಬೆರಳಿಗಿರಲಿಲ್ಲ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು.

"ಅಳಿಯಂದ್ರೇ," ಎಂದರು ಅತ್ತೆ, ದಾರದಿಂದ ಕಣ್ಣು ಕೀಳದೆ. "ನನ್ನ ಕೈ ಹಿಡ್ಕೊಳಿ."

"ಅತ್ತೆ?"

"ಹಿಡ್ಕೊಳೀಂದ್ರೆ. ಇಲ್ದಿದ್ರೆ ಎಳೆದ್ಬಿಡ್ತೀನಿ."

ಹಿಡಿದುಕೊಂಡೆ. ಅವರ ಬೆರಳ ತುದಿಗಳು ಸೂಜಿ ತಾಗಿ ತಾಗಿ ಕಾಯಿಗಟ್ಟಿದ್ದವು, ನನ್ನವೂ ಹಾಗೆಯೇ. ಅವರ ಕೈ ನನ್ನ ಕೈಯನ್ನು ತಡೆಯಿತೋ, ನನ್ನದು ಅವರದನ್ನೋ, ಹೇಳುವುದು ಕಷ್ಟ.

"ನಾನೇ ಇದನ್ನ ಕೊಂದೆ," ಎಂದರು ಅವರು.

"ಇನ್ನೂ ಉಸಿರಾಡ್ತಿದೆ ಅತ್ತೆ."

"ಜೀವಮಾನದಲ್ಲಿ ಸೂಜಿ ಹಾಗೆ ಬಿಟ್ಟು ಎದ್ದವಳಲ್ಲ. ಬಿಲ್ಲೆ ಬಚ್ಚಿಟ್ಟಿದಾರೆ ಅಂದ್ರಲ್ಲ, ಕೋಪ ಬಂತು."

ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

ಆಸ್ಪತ್ರೆಯ ಬಾಗಿಲಿಗೆ ಬರುವಾಗ ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಉಳಿದಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ನರ್ಸು ಗುಂಡಿಯನ್ನು ಹಿಡಿದಳು. ಡಾಕ್ಟರಮ್ಮ ಟಾರ್ಚು ಹಾಕಿ ನಾಲಿಗೆಯ ಕೆಳಗೆ ನೋಡಿದರು. "ನಾಲಿಗೆಗೆ ಸುತ್ಕೊಂಡಿಲ್ಲ, ಒಳ್ಳೇದು. ಸೂಜಿ ಎಷ್ಟುದ್ದ?" ಅತ್ತೆ ಡಬ್ಬಿ ತೆರೆದು ಸೂಜಿಯನ್ನೂ ರೀಲನ್ನೂ ಮುಂದಿಟ್ಟರು. ಡಾಕ್ಟರಮ್ಮ ಹುಬ್ಬೇರಿಸಿ, ಎತ್ತಿಟ್ಟುಕೊಂಡರು. ಆಮೇಲೆ ಎಕ್ಸ್‌ರೇ. ಕಪ್ಪು ಚಿತ್ರದಲ್ಲಿ ಗುಂಡಿಯ ಪಕ್ಕೆಲುಬುಗಳೆಲ್ಲ ಬಾಚಣಿಗೆಯ ಹಾಗೆ ಸಾಲಾಗಿದ್ದವು. ಅವುಗಳ ಕೆಳಗೆ ಬೆಳ್ಳಗೆ ನೇರವಾಗಿ ಒಂದು ಗೆರೆ.

"ಹೊಟ್ಟೇಲಿದೆ. ಕರುಳಿಗೆ ಇಳಿದಿಲ್ಲ. ಈಗ್ಲೇ ಆಪರೇಷನ್ ಮಾಡ್ಬೇಕು. ದಾರ ಎಳೆದ್ರಾ?"

ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಮುಂಚೆ ಮಾತಾಡಿದರು. "ಕೈ ಇಟ್ರು. ನಾನು ಹೊಡೆದೆ. ಬಿಟ್ರು."

"ಬಿಟ್ಟಿದ್ದಕ್ಕೇ ಒಂದು ಅವಕಾಶ ಇದೆ," ಎಂದ ಡಾಕ್ಟರಮ್ಮ ಒಳಗೆ ಹೋದರು. ಬಾಗಿಲು ಮುಚ್ಚಿತು.

ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮೇಷ್ಟ್ರು ಕೂರಲಾರದೆ ನಿಂತೇ ಇದ್ದರು. ಹೋಗಿ ಎಂದರೂ ಹೋಗಲಿಲ್ಲ. ಹೆಂಡತಿಯ ಕಾಲು ನೆಲವನ್ನು ತುಳಿಯುತ್ತಿತ್ತು. ಈ ಸಲ ಯಾರೂ ತಡೆಯಲಿಲ್ಲ. ಎದುರಿಗೆ ಮೊಲ ಹಿಡಿದು ಕೂತವನ ಅಂಗಿಯ ತೋಳಿನಿಂದ ಒಂದೆಳೆ ದಾರ ಇಳಿಬಿದ್ದು ಫ್ಯಾನಿನ ಗಾಳಿಗೆ ಆಡುತ್ತಿತ್ತು. ಇಡೀ ಹೊತ್ತು ಅದು ನನ್ನ ಮುಂದೆ ಆಡಿತು. ನಾನು ಅದನ್ನು ಎಳೆಯಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಗೂನುಬೆನ್ನಿನವರ ಕಥೆಯನ್ನು ಬೇಕಾದರೆ ನಂಬುತ್ತಾರೆ.

ಮನೆಗೆ ಹೋದರೆ ಯಾರ ಮೂಲಕ ಮಾತಾಡುವುದು ಎಂಬ ಯೋಚನೆ ಒಮ್ಮೆ ಬಂತು. ಅಂಥ ಹೊತ್ತಲ್ಲಿ ಎಂಥ ಯೋಚನೆ ಎಂದು ನಾಚಿಕೆಯಾಯಿತು. ತಿರುಗಿ ನೋಡಿದರೆ ಅತ್ತೆ ಖಾಲಿ ಟವೆಲನ್ನು ಮಡಿಸುತ್ತಿದ್ದರು. ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

ಬಾಗಿಲು ತೆರೆದಾಗ ಡಾಕ್ಟರಮ್ಮನ ಕೈಯಲ್ಲಿ ಸ್ಟೀಲಿನ ತಟ್ಟೆ. ಅದರಲ್ಲಿ ಸೂಜಿ, ಅದರ ಕಣ್ಣಿಂದ ಹೊರಟ ದಾರ ಒದ್ದೆಯಾಗಿ ಸುರುಳಿ ಸುತ್ತಿತ್ತು. ಅವರು ಏನಾದರೂ ಹೇಳುವ ಮುಂಚೆಯೇ ಅತ್ತೆ ತಟ್ಟೆಯ ಮೇಲೆ ಬಗ್ಗಿದರು. ಕನ್ನಡಕ ಮೇಲೆತ್ತಿದರು. ತಮ್ಮ ಡಬ್ಬಿಯ ಸೂಜಿಯನ್ನು ಕೇಳಿ ಪಡೆದು ಅದರ ಪಕ್ಕ ಇಟ್ಟರು. ಉದ್ದ ನೋಡಿದರು, ಕಣ್ಣು ನೋಡಿದರು, ಮೊನೆ ನೋಡಿದರು. ನಮ್ಮ ಕೆಲಸದಲ್ಲಿ ಸೂಜಿ ಮುರಿದರೆ ಎರಡೂ ಚೂರು ಸಿಗುವ ತನಕ ಯಾರೂ ಎದ್ದು ಹೋಗುವಂತಿಲ್ಲ.

"ಮೊನೆ ಇದೆ," ಎಂದರು ಅತ್ತೆ. "ಪೂರ್ತಿ ಇದೆ. ಒಳಗೆ ಏನೂ ಉಳಿದಿಲ್ಲ."

"ಅದನ್ನೇ ಹೇಳೋಕೆ ಬಂದೆ," ಎಂದರು ಡಾಕ್ಟರಮ್ಮ. ಮೊದಲ ಸಲ ನಕ್ಕರು. "ಬೆಕ್ಕು ಎದ್ದಿದೆ. ನರ್ಸನ್ನ ಪರಚಾಯ್ತು."

ಮೇಷ್ಟ್ರು ಸಂತೋಷಕ್ಕೆ ಕುರ್ಚಿಯ ಮೇಲೆ ಕುಸಿದು ಕೂತರು. ಅವರ "ಹಾ!" ಆಸ್ಪತ್ರೆಯ ನಾಯಿಗಳನ್ನೆಲ್ಲ ಎಬ್ಬಿಸಿತು.

ಗುಂಡಿ ಎರಡು ದಿನ ಅಲ್ಲೇ ಇದ್ದು ಮನೆಗೆ ಬಂತು. ಕತ್ತಿನ ಸುತ್ತ ದೊಡ್ಡ ಪ್ಲಾಸ್ಟಿಕ್ ಕೊರಳಪಟ್ಟಿ. ಹೊಟ್ಟೆಯ ಕೂದಲು ಬೋಳಿಸಿ, ನಡುವೆ ನೀಲಿ ದಾರದ ಹೊಲಿಗೆ. ಹೊಲಿಗೆ ನೀಟಾಗಿತ್ತು, ನನ್ನ ಹೊಲಿಗೆಯ ಅರ್ಧದಷ್ಟು ನೀಟು ಎನ್ನಬಹುದು. ಆದರೆ ಕೊನೆಯ ಗಂಟಿನಿಂದ ಒಂದು ತುದಿ ಇರುವೆಯ ಮೀಸೆಯಷ್ಟು ಹೊರಗೆ ಚಾಚಿತ್ತು.

ಕಳಿಸುವಾಗ ಡಾಕ್ಟರಮ್ಮ ನಮ್ಮ ಮೂವರ ಕಣ್ಣೂ ಎಲ್ಲಿದೆ ಎಂದು ನೋಡಿ ಬೆರಳೆತ್ತಿ ಹೇಳಿದ್ದರು: "ಹೊಲಿಗೆ ಬಿಡಿಸೋದು ನಾನು. ನೀವು ಬಿಡಿ."

ಗುಂಡಿಯನ್ನು ಕತ್ತರಿಸುವ ಮೇಜಿನ ಮೇಲೆ, ಮೆತ್ತಗೆ ಮಡಿಸಿದ ಟವೆಲಿನ ಮೇಲೆ ಮಲಗಿಸಿದೆವು. ಅದು ಹೊಟ್ಟೆ ಮೇಲೆ ಮಾಡಿ ಅಡ್ಡಾಯಿತು. ಆ ನೀಲಿ ತುದಿ ಉಸಿರಿಗೊಮ್ಮೆ ಏಳುತ್ತ, ಉಸಿರಿಗೊಮ್ಮೆ ಇಳಿಯುತ್ತ ಇತ್ತು. ನಾವು ಮೂವರೂ ಸುತ್ತ ಕೂತೆವು. ಹೆಂಡತಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ನಾನೂ ಇಟ್ಟುಕೊಂಡೆ.

"ಗುಂಡೀ, ನಿಮ್ಮಪ್ಪಂಗೆ ಹೇಳು..." ಎಂದು ಅತ್ತೆ ಶುರುಮಾಡಿದರು. ಗುಂಡಿ ತಿರುಗಲು ನೋಡಿತು. ಕೊರಳಪಟ್ಟಿ ಮೇಜಿಗೆ ತಗುಲಿ ತಿರುಗಲಾಗಲಿಲ್ಲ. ಬೇಸರದಿಂದ ಕಣ್ಣು ಮುಚ್ಚಿಕೊಂಡಿತು.

"ಅಳಿಯಂದ್ರೇ," ಎಂದರು, ಅಳತೆಪಟ್ಟಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತ. "ಬಲಗೈ ಹೊರಗೆ ಬಂದಿದೆ."

ನೋಡಿದೆ. ಬಂದಿತ್ತು. ಒಳಗೆ ಇಟ್ಟುಕೊಂಡೆ.